ನಿಮ್ಮ ಸವಾರ ಕಾಲುವೆಗೆ ಹಾರಬೇಕಿಲ್ಲ

ನಮಸ್ಕಾರ,

ನಿಮ್ಮ ಕಥೆ ಬಂದು ಮೂರು ವಾರ ಆಯಿತು. ಉತ್ತರ ತಡವಾಗಿದ್ದಕ್ಕೆ ಕ್ಷಮಿಸಿ. ಎರಡು ಸಲ ಪೂರ್ತಿ ಓದಿದೆ, ಒಂಬತ್ತನೇ ಪುಟವನ್ನು ಮಾತ್ರ ನಾಲ್ಕು ಸಲ ಓದಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈಗಿರುವ ಹಾಗೆ ಇದನ್ನು ನಾವು ಹಾಕಲು ಆಗುವುದಿಲ್ಲ. ಈ ಮಾತನ್ನು ಕೊನೆಗೆ ಇಟ್ಟುಕೊಂಡರೆ ನೀವು ಇಡೀ ಪತ್ರ ಅದನ್ನೇ ಹುಡುಕುತ್ತಾ ಓದುತ್ತೀರಿ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಇದನ್ನು ನೀವು ಇನ್ನೊಮ್ಮೆ ಬರೆಯಬೇಕು ಅಂತ ನನಗೆ ತುಂಬಾ ಆಸೆ ಇದೆ, ಈ ಉದ್ದದ ಪತ್ರ ಅದಕ್ಕಾಗಿಯೇ.

ಮೊದಲು ನೀವು ಬರೆದಿದ್ದು ನನಗೆ ಸರಿಯಾಗಿ ಅರ್ಥವಾಗಿದೆಯಾ ನೋಡಿ. ಮೊದಲ ಮಹಾಯುದ್ಧದ ಕಾಲ, 1915ರ ಫೆಬ್ರವರಿ, ಈಜಿಪ್ಟಿನ ಸೂಯೆಜ್ ಕಾಲುವೆ. ಈಚೆ ದಡದಲ್ಲಿ ಬ್ರಿಟಿಷರ ಕಡೆಯ ಸೈನ್ಯ, ಆಚೆ ತುರ್ಕರು. ನಿಮ್ಮ ನಾಯಕ ಮಂಡ್ಯದ ಕಡೆಯ ರೈತರ ಮನೆ ಹುಡುಗ, ಮೈಸೂರು ಲ್ಯಾನ್ಸರ್ಸ್ ಅನ್ನುವ ಭರ್ಜಿ ಹಿಡಿದ ಕುದುರೆ ದಳದ ಸವಾರ. ಅಮಾವಾಸ್ಯೆಯ ರಾತ್ರಿ ಕಾಲುವೆಯ ದಡದಲ್ಲಿ ಒಬ್ಬನೇ ಕಾವಲು ನಿಂತಿರುತ್ತಾನೆ. ಎದುರು ದಡದಿಂದ ತುರ್ಕರು ದೋಣಿಗಳಲ್ಲಿ ನುಗ್ಗುತ್ತಾರೆ. ಇವನು ಕುದುರೆ ಸಮೇತ ನೀರಿಗೆ ಹಾರಿ ಹನ್ನೊಂದು ಜನರನ್ನು ಕಡಿದು, 'ಜೈ ಹಿಂದ್' ಅಂತ ಕೂಗಿ ಪ್ರಾಣ ಬಿಡುತ್ತಾನೆ. ಕಾಲುವೆ ಕೆಂಪಾಗುತ್ತದೆ. ಇದು ನಿಮ್ಮ ಮುತ್ತಾತನ ಕಥೆ, ಅವರು ಆ ರಿಸಾಲೆಯಲ್ಲಿದ್ದರು, ಯುದ್ಧ ಮುಗಿಸಿ ಊರಿಗೆ ಬಂದು ಎಂಬತ್ತರ ಹತ್ತಿರದವರೆಗೆ ಬದುಕಿದರು ಅಂತ ಕಥೆಯ ಜೊತೆಗಿಟ್ಟ ಪತ್ರದಲ್ಲಿ ಬರೆದಿದ್ದೀರಿ.

ಹಾಗಾದರೆ ಕಥೆಯಲ್ಲಿ ಅವರನ್ನು ಯಾಕೆ ಕೊಂದಿರಿ?

ಇದನ್ನು ಆಕ್ಷೇಪಣೆ ಅಂತ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಬದುಕಿ ಬಂದವನ ಕಥೆ ಸತ್ತವನ ಕಥೆಗಿಂತ ಕಡಿಮೆ ಅಂತ ಎಲ್ಲೋ ನಿಮ್ಮ ಮನಸ್ಸಿನಲ್ಲಿ ಕೂತಿದೆ ಅನ್ನಿಸಿತು. ಯುದ್ಧದ ಕಥೆ ಅಂತ ನಮಗೆ ಬರುವ ಹತ್ತರಲ್ಲಿ ಒಂಬತ್ತರಲ್ಲಿ ನಾಯಕ ಕೊನೇ ಪುಟದಲ್ಲಿ ಸಾಯುತ್ತಾನೆ. ಅವನ ಬಗ್ಗೆ ಮುಂದೇನು ಹೇಳಬೇಕು ಅಂತ ಗೊತ್ತಾಗದೆ ಬರೆದವರು ಸಾಯಿಸಿರುತ್ತಾರೆ. ನಿಮಗೆ ಆ ತೊಂದರೆ ಇಲ್ಲ. ನಿಮ್ಮ ಮನೆಯಲ್ಲಿ ಒಬ್ಬ ಮನುಷ್ಯ ವಾಪಸ್ ಬಂದಿದ್ದಾನೆ, ಊಟಕ್ಕೆ ಕೂತಿದ್ದಾನೆ, ಸೊಸೆಯ ಹತ್ತಿರ ಮಾತಾಡಿದ್ದಾನೆ.

ಈಗ ಸಣ್ಣ ತಪ್ಪುಗಳು. ಇವನ್ನು ಬೇಗ ಮುಗಿಸೋಣ. 1915ರಲ್ಲಿ 'ಜೈ ಹಿಂದ್' ಇಲ್ಲ, ಅದು ಜನರ ಬಾಯಿಗೆ ಬಂದಿದ್ದು ಸುಭಾಷರ ಕಾಲಕ್ಕೆ, 1940ರ ದಶಕದಲ್ಲಿ. ಅಮಾವಾಸ್ಯೆಯೂ ಅಲ್ಲ: 1915ರ ಜನವರಿ 31ಕ್ಕೆ ಹುಣ್ಣಿಮೆ, ದಾಳಿ ಆಗಿದ್ದು ಫೆಬ್ರವರಿ 2ರ ರಾತ್ರಿ ಕಳೆದು 3ರ ನಸುಕಿನಲ್ಲಿ, ಅಂದರೆ ಹುಣ್ಣಿಮೆ ಕಳೆದು ಮೂರೇ ದಿನ. ಮುಂದಿನ ಹುಣ್ಣಿಮೆ ಮಾರ್ಚ್ 1ಕ್ಕೆ, ಆ ವರ್ಷ ಫೆಬ್ರವರಿಗೆ ಹುಣ್ಣಿಮೆಯೇ ಬರಲಿಲ್ಲ. ಕತ್ತಲೆ ಬೇಕಿದ್ದರೆ ಧೂಳು ತನ್ನಿ, ಹಿಂದಿನ ದಿನ ಅಲ್ಲಿ ಮರಳು ಬಿರುಗಾಳಿ ಎದ್ದಿತ್ತು, ಅದು ನಿಮಗೆ ಪುಕ್ಕಟೆ ಸಿಕ್ಕಿದ ವರ. ಇನ್ನು, ನಿಮ್ಮ ಹುಡುಗ ಸೂಯೆಜ್ ನೋಡಿ ಊರಿನ ವಿಶ್ವೇಶ್ವರಯ್ಯ ನಾಲೆ ನೆನೆಯುತ್ತಾನೆ. ಅವನು ಹಡಗು ಹತ್ತಿದ ಕಾಲಕ್ಕೆ ಕನ್ನಂಬಾಡಿ ಕಟ್ಟೆಯೇ ಇನ್ನೂ ಮೇಲೇಳುತ್ತಿತ್ತು, ಕೆಲಸ ಶುರುವಾಗಿದ್ದೇ 1911ರಲ್ಲಿ. ಆ ನಾಲೆ ಬಂದಿದ್ದು ಅವನು ಮನೆಗೆ ಬಂದು ಎಷ್ಟೋ ವರ್ಷಗಳ ಮೇಲೆ. ಅವನನ್ನು ಶ್ರೀರಂಗಪಟ್ಟಣದ ಆಸುಪಾಸಿನವನನ್ನಾಗಿ ಮಾಡಿ, ಅಲ್ಲಿ ಚಿಕ್ಕದೇವರಾಜ ಸಾಗರ ನಾಲೆ ಇತ್ತು, ವಿರಿಜಾ ನಾಲೆ ಇತ್ತು, ಅವೆಲ್ಲ ಅರಸರ ಕಾಲದಿಂದ ಹರಿಯುತ್ತಿದ್ದ ನಾಲೆಗಳು. ಈ ಒಂದು ಊರು ಬದಲಾಯಿಸಿದರೆ ಎಷ್ಟು ಸಿಗುತ್ತದೆ ಅಂತ ಮುಂದೆ ನೋಡುತ್ತೀರಿ.

ದೊಡ್ಡ ತಪ್ಪು ಬೇರೆ ಇದೆ. ನಿಮ್ಮ ಸವಾರ ಆ ದಡದಲ್ಲಿ ಇರಲು ಸಾಧ್ಯವೇ ಇಲ್ಲ.

ಮೈಸೂರು, ಹೈದರಾಬಾದ್, ಪಟಿಯಾಲ ಲ್ಯಾನ್ಸರ್ಸ್ ಸೇರಿದ ಕುದುರೆ ಬ್ರಿಗೇಡ್ ಆ ರಾತ್ರಿ ಇಸ್ಮಾಯಿಲಿಯಾ ಊರಿನ ಬಳಿಯ ಶಿಬಿರದಲ್ಲಿ ಮೀಸಲು ಪಡೆಯಾಗಿ ಇತ್ತು. ತುರ್ಕರು ದಾಟಲು ನೋಡಿದ್ದು ಅಲ್ಲಿಂದ ದಕ್ಷಿಣಕ್ಕೆ, ತಿಮ್ಸಾ ಸರೋವರದ ಕೆಳಗೆ, ತುಸ್ಸೂಮ್ ಮತ್ತು ಸೆರಾಪಿಯಂ ಅನ್ನುವ ಜಾಗಗಳ ನಡುವೆ. ಹತ್ತು ಹನ್ನೆರಡು ಕಿಲೋಮೀಟರ್ ದೂರ. ದಡದಲ್ಲಿ ಕಂದಕ ತೋಡಿ ಕೂತಿದ್ದವರು ಕಾಲ್ದಳದವರು: 62ನೇ ಪಂಜಾಬಿ ಪಲ್ಟಣ, 128ನೇ ಪಯೊನಿಯರ್ಸ್, ಗೂರ್ಖಾಗಳು. ಅವರ ಜೊತೆ ಈಜಿಪ್ಟಿನವರದೇ ಒಂದು ಫಿರಂಗಿ ದಳ. ಕಾಲುವೆಯ ಒಳಗೆ ಬ್ರಿಟಿಷರ, ಫ್ರೆಂಚರ ಯುದ್ಧ ಹಡಗುಗಳು. ಇಂಥ ಜಾಗದಲ್ಲಿ ಕುದುರೆಗೆ ಏನು ಕೆಲಸ ಹೇಳಿ? ಹೂಳೆತ್ತಿ ಎರಡೂ ಕಡೆ ರಾಶಿ ಹಾಕಿದ ಮರಳಿನ ದಿಬ್ಬದಿಂದ ಕುದುರೆ ನೀರಿಗೆ ಇಳಿದರೆ ಹತ್ತಿ ಬರಲು ಆಗುವುದಿಲ್ಲ, ಕಾಲೇ ಮುರಿಯುತ್ತದೆ. ಕುದುರೆ ನೋಡಿಕೊಂಡು ಬೆಳೆದ ಯಾವ ಸವಾರನೂ ಅದನ್ನು ಮಾಡಲಾರ. ಅವನಿಗೆ ತನ್ನ ಜೀವದ ಮೇಲಿನ ಆಸೆಗಿಂತ ಕುದುರೆಯ ಕಾಲಿನ ಮೇಲೆ ಕಣ್ಣು ಜಾಸ್ತಿ. ಭರ್ಜಿ ಹಿಡಿದು ನುಗ್ಗುವುದೇ ಬೇಕು ಅಂದರೆ ಮೂರೂವರೆ ವರ್ಷ ಕಾದು 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಊರಿಗೆ ಹೋಗಿ, ಅಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನವರು ನಿಜವಾಗಿಯೂ ಕುದುರೆ ಓಡಿಸಿದರು. ಅದು ಬೇರೆ ಕಥೆ. ಎರಡನ್ನೂ ಕಲಸಬೇಡಿ.

ನೀವು ಕೇಳಬಹುದು, ಕಥೆ ಅಲ್ವಾ, ಅಷ್ಟೂ ಸ್ವಾತಂತ್ರ್ಯ ಇಲ್ವಾ ಅಂತ. ಇದೆ. ಆದರೆ ನಿಮ್ಮ ಸುಳ್ಳು ನಿಜಕ್ಕಿಂತ ಸಣ್ಣದಾಗಿದೆ, ನನ್ನ ತಕರಾರು ಅದು. ಆ ರಾತ್ರಿ ಅಲ್ಲಿ ಆಗಿದ್ದನ್ನು ಹೇಳುತ್ತೇನೆ, ಕೇಳಿ.

ತುರ್ಕರ ದಂಡನಾಯಕ ಜಮಾಲ್ ಪಾಷಾನ ಸೈನ್ಯ ಪ್ಯಾಲೆಸ್ಟೈನಿನ ಬೀರ್‌ಶೇಬಾದಿಂದ ಹೊರಟು ಸಿನಾಯ್ ಮರಳುಗಾಡು ದಾಟಿ ಬಂದಿತ್ತು. ಹಗಲು ಮಲಗಿ ರಾತ್ರಿ ನಡೆದರು. ಡೇರೆ ಇಲ್ಲ. ಬಿಸ್ಕತ್ತು, ಖರ್ಜೂರ, ಆಲಿವ್ ಕಾಯಿ, ಲೆಕ್ಕ ಹಾಕಿ ಕೊಟ್ಟ ನೀರು. ದೊಡ್ಡ ಫಿರಂಗಿಗಳನ್ನೂ ಕಾಲುವೆ ದಾಟಲು ಬೇಕಾದ ದೋಣಿಗಳನ್ನೂ ಅಷ್ಟು ದೂರ ಎಳೆದು ತಂದರು. ಎಳೆಯಲು ಎತ್ತುಗಳೂ ಇದ್ದವು. ಮರಳಿನಲ್ಲಿ ಹೂತುಹೋಗುವ ಗಾಲಿಗೆ ಹಲಗೆ ಹಾಸುತ್ತಾ, ಹಿಂದಿನದನ್ನು ತೆಗೆದು ಮುಂದೆ ಹಾಸುತ್ತಾ ಬಂದರು. ಗಾಡಿ ಹೊಡೆದ ಊರಿನಿಂದ ಬಂದ ನಾಯಕನಿಗೆ ಇದು ಅರ್ಥವಾಗದೆ ಇರುತ್ತದೆಯೇ? ನಿಮ್ಮ ಕಥೆಯಲ್ಲಿ ಒಂದು ಎತ್ತೂ ಇಲ್ಲ.

ದೋಣಿ ಅಂದರೆ ಜರ್ಮನಿಯಲ್ಲಿ ಮಾಡಿಸಿದ ಸತುವು ಲೇಪಿಸಿದ ಕಬ್ಬಿಣದ ತಗಡಿನವು. ಒಂದೊಂದರಲ್ಲಿ ಇಪ್ಪತ್ತರ ಹತ್ತಿರ ಜನ ಕೂರಬಹುದಿತ್ತು. ಕೊನೆಯ ದೂರವನ್ನು ಗಾಡಿಯಲ್ಲಿ ಬರುವ ಹಾಗಿಲ್ಲ, ಸದ್ದಾಗುತ್ತದೆ. ಹೊತ್ತುಕೊಂಡೇ ಬರಬೇಕು. ನಿಮ್ಮ ಕಥೆಯಲ್ಲಿ ಇದಕ್ಕೆ ಸಿಕ್ಕಿರುವುದು ಒಂದೇ ಸಾಲು: 'ವೈರಿಗಳು ದೋಣಿಗಳೊಂದಿಗೆ ಸಮುದ್ರದಂತೆ ನುಗ್ಗಿದರು.' ಇಲ್ಲ. ಅವರು ನುಗ್ಗಲಿಲ್ಲ. ಭಾರ ಹೊತ್ತವನು ನುಗ್ಗಲಾರ.

ನಾನು ಆಲೆಮನೆ ಇದ್ದ ಊರಿನವನು. ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ನಾವು ಎಂಟು ಹತ್ತು ಜನ ಅದನ್ನು ಬೋರಲು ಹಾಕಿಕೊಂಡು ಹೊತ್ತಿದ್ದೇವೆ. ತಲೆ ಅದರೊಳಗೆ ಇರುತ್ತದೆ. ಮುಂದಿನವನ ಹಿಮ್ಮಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಬ್ಬ ಕುಳ್ಳ ಇದ್ದರೆ ಅವನ ಪಾಲಿನ ಭಾರ ಪಕ್ಕದವನ ಹೆಗಲಿಗೆ ಬೀಳುತ್ತದೆ. ಯಾರದ್ದಾದರೂ ಉಗುರು ತಗಲಿದರೂ ತಗಡು ಸದ್ದು ಮಾಡುತ್ತದೆ, ಒಳಗಿರುವ ನಿಮ್ಮ ಕಿವಿಗೆ ಅದು ಗಂಟೆ ಹೊಡೆದ ಹಾಗೆ ಕೇಳುತ್ತದೆ. ಒಬ್ಬ ಎಡವಿದರೆ ಎಲ್ಲರೂ ನಿಲ್ಲಬೇಕು, ಇಲ್ಲದಿದ್ದರೆ ಎಲ್ಲರೂ ಬೀಳಬೇಕು. ನಾವು ಅದನ್ನು ಹಾಡುಹಗಲು, ನಗುತ್ತಾ, ಗದ್ದೆ ಬದುವಿನ ಮೇಲೆ ಹೊತ್ತಿದ್ದೆವು. ಅವರು ಅದನ್ನು ನಡುರಾತ್ರಿ ಕಳೆದ ಮೇಲೆ, ಕಾಲು ಇಟ್ಟಲ್ಲಿ ಕುಸಿಯುವ ಮರಳಿನಲ್ಲಿ, ದಿಬ್ಬದ ಆಚೆ ಬಂದೂಕು ಹಿಡಿದವರು ಎಚ್ಚರವಿದ್ದಾರೋ ಇಲ್ಲವೋ ಗೊತ್ತಿಲ್ಲದೆ ಹೊತ್ತರು. ನೀರು ಕಾಣಿಸಿದ ಮೇಲೂ ಮುಗಿಯಲಿಲ್ಲ. ದೋಣಿಯನ್ನು ತಲೆಯ ಮೇಲಿಂದ ಇಳಿಸಬೇಕು, ಮಗುಚಬೇಕು, ಇಳಿಜಾರಿನಲ್ಲಿ ಜಾರಿಸಬೇಕು. ಅಷ್ಟು ಹೊತ್ತು ಅವರ ಕೈಯಲ್ಲಿ ಬಂದೂಕು ಇರುವುದಿಲ್ಲ.

ಸುಮಾರು ಮೂರೂಕಾಲು ಮೂರೂವರೆಗೆ ಈ ಕಡೆಯವರಿಗೆ ಗೊತ್ತಾಯಿತು. ಮೊದಲು ಗುಂಡು ಹಾರಿಸಿದವರಲ್ಲಿ ಆ ಈಜಿಪ್ಟಿನ ಫಿರಂಗಿ ದಳವೂ ಇತ್ತು. ಕಾಲುವೆಯ ಅಗಲ ಹೆಚ್ಚೆಂದರೆ ನೂರು ಗಜ. ನಮ್ಮೂರ ಕೆರೆ ಏರಿಯ ಮೇಲೆ ನಿಂತು ಕರೆದರೆ ಕೇಳಿಸುವಷ್ಟು ದೂರ. ಹೆಚ್ಚಿನ ದೋಣಿಗಳು ನೀರಿಗೆ ಇಳಿಯುವ ಮೊದಲೇ ತೂತಾದವು, ಹೊತ್ತವರು ಅವುಗಳ ಪಕ್ಕದಲ್ಲೇ ಬಿದ್ದರು. ಈ ದಡ ಮುಟ್ಟಿದ್ದು ಮೂರೇ ದೋಣಿ. ಮೂರು! ಒಂದರಲ್ಲಿ ಬಂದವರ ಮೇಲೆ ಪಂಜಾಬಿಗಳು ಬಿದ್ದರು, ಎಲ್ಲರೂ ಸತ್ತರು ಇಲ್ಲವೇ ಗಾಯಗೊಂಡರು. ಇನ್ನೆರಡರಲ್ಲಿ ಬಂದವರಲ್ಲಿ ಕೆಲವರು ಸತ್ತರು, ಸುಮಾರು 20 ಜನ ತಪ್ಪಿಸಿಕೊಂಡು ದಡದ ಕೆಳಗೇ ಅವಿತು ಕೂತರು. ಬೆಳಕಾದ ಮೇಲೆ ಎರಡನೇ ರಜಪೂತ ಪಲ್ಟಣದವರು ಅವರನ್ನು ಹಿಡಿದರು.

ಆ ಇಪ್ಪತ್ತು ಜನರನ್ನು ಸ್ವಲ್ಪ ಹೊತ್ತು ಯೋಚನೆ ಮಾಡಿ. ಅಷ್ಟು ದೂರ ಮರಳುಗಾಡು ನಡೆದು, ಅಷ್ಟು ಜನ ಸತ್ತು, ಇವರು ಮಾತ್ರ ಆಚೆ ದಡ ಮುಟ್ಟಿದ್ದಾರೆ. ಹಿಂದೆ ನೀರು. ತಲೆಯ ಮೇಲೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಶತ್ರುವಿನ ಮಾತು ಕೇಳಿಸುತ್ತಿದೆ. ಅದರಲ್ಲಿ ಒಬ್ಬನಿಗೆ ಕೆಮ್ಮು ಬಂದಿದ್ದರೆ? ನೀವು ಹನ್ನೊಂದು ಜನರನ್ನು ಕಡಿಸಿದ್ದೀರಿ, ಒಬ್ಬನ ಮುಖವೂ ನನಗೆ ಕಾಣಲಿಲ್ಲ. ಇಲ್ಲಿ ಯಾರನ್ನೂ ಕಡಿಯದೆ ಬರೀ ಕೂತಿರುವ ಇಪ್ಪತ್ತು ಜನ ಕಾಣುತ್ತಿದ್ದಾರೆ.

ಮತ್ತೆ, ಅವರನ್ನು ನೀವು 'ರಕ್ತಪಿಪಾಸು ತುರ್ಕರು' ಅಂತ ಆರು ಸಲ ಕರೆದಿದ್ದೀರಿ. ಎಣಿಸಿದೆ. ಮೊದಲ ಸಾಲಿನಲ್ಲಿ ದೋಣಿ ಹೊತ್ತ ದಳದಲ್ಲಿ ಸಿರಿಯಾ, ಪ್ಯಾಲೆಸ್ಟೈನ್ ಕಡೆಯ ಅರಬ್ಬರೇ ಜಾಸ್ತಿ. ಬಹಳಷ್ಟು ಜನ ನಿಮ್ಮ ಮುತ್ತಾತನ ಹಾಗೆಯೇ ಹೊಲ ಬಿಟ್ಟು ಬಂದವರು. 1914ರ ನವೆಂಬರಿನಲ್ಲಿ ತುರ್ಕರ ಸುಲ್ತಾನ ಜಿಹಾದ್ ಸಾರಿದ್ದ, ಈಚೆ ದಡದಲ್ಲಿ ಬಂದೂಕು ಹಿಡಿದಿದ್ದ ಮುಸ್ಲಿಂ ಸಿಪಾಯಿಗಳಿಗೂ ಆ ಸುದ್ದಿ ಗೊತ್ತಿತ್ತು. ಮೈಸೂರು ರಿಸಾಲೆಯಲ್ಲೂ ಮುಸ್ಲಿಂ ಸವಾರರಿದ್ದರು. ನಿಮ್ಮ ನಾಯಕನ ಪಕ್ಕದಲ್ಲಿ ಮಲಗುವ, ಒಂದೇ ಗೋಣಿಯಿಂದ ಕುದುರೆಗೆ ಕಾಳು ಹಾಕುವ ಗೆಳೆಯ ಒಬ್ಬನನ್ನು ಅಲ್ಲಿಂದ ತನ್ನಿ. ಅವನಿಂದ ಭಾಷಣ ಮಾಡಿಸಬೇಡಿ. ಫಿರಂಗಿ ಸದ್ದು ಕೇಳಿಸಿದಾಗ ಅವನು ಏನು ಮಾಡುತ್ತಾನೆ ಅಂತ ಮಾತ್ರ ಬರೆಯಿರಿ.

ಹಾಗಾದರೆ ನಾಯಕ ಎಲ್ಲಿ ನಿಲ್ಲಬೇಕು? ಅವನು ಇದ್ದ ಕಡೆಯೇ. ಇಸ್ಮಾಯಿಲಿಯಾದಲ್ಲಿ, ಕಟ್ಟಿದ ಕುದುರೆಗಳ ಸಾಲಿನಲ್ಲಿ, ರಾತ್ರಿ ಮೂರೂವರೆಗೆ. ದಕ್ಷಿಣದಿಂದ ಸದ್ದು ಬರುತ್ತಿದೆ. ಏನಾಗುತ್ತಿದೆ ಅಂತ ಯಾರಿಗೂ ಗೊತ್ತಿಲ್ಲ. ಜೀನು ಬಿಗಿಯಲು ಹುಕುಂ ಬಂದಿದೆ, ಹತ್ತಲು ಬಂದಿಲ್ಲ. ಕುದುರೆಗಳು ಕಿವಿ ನಿಮಿರಿಸಿ ಒಂದೇ ಕಡೆ ನೋಡುತ್ತಿವೆ. ಬೆಳಗಾದ ಮೇಲೆ ಊರಿನ ಪಕ್ಕದ ಸರೋವರದ ದಕ್ಷಿಣಕ್ಕೆ ಹಾರ್ಡಿಂಜ್ ಅನ್ನುವ ಹಡಗಿನ ಹೊಗೆಕೊಳವೆಗಳಿಗೆ ತುರ್ಕರ ಫಿರಂಗಿ ಗುಂಡು ಬೀಳುತ್ತದೆ. ಅದು ಹಿಂದೂಸ್ತಾನದ್ದೇ ಹಡಗು. ಅದರ ಸುದ್ದಿ ಅವನ ಕಿವಿಗೆ ಬೀಳಬಹುದು. ಮಾರನೇ ದಿನ ಅವನ ಬ್ರಿಗೇಡ್ ಕಾಲುವೆ ದಾಟಿ ಪೂರ್ವಕ್ಕೆ ಹೋಗುತ್ತದೆ, ಹಿಂದೆ ಸರಿಯುತ್ತಿರುವ ಸೈನ್ಯ ಎಲ್ಲಿದೆ ನೋಡಲು. ಹೌದು, ನಿಮ್ಮ ನಾಯಕನೂ ಕಾಲುವೆ ದಾಟುತ್ತಾನೆ. ಯಾರೂ ಗುಂಡು ಹಾರಿಸದ ಹೊತ್ತಿನಲ್ಲಿ, ಕುದುರೆಯನ್ನು ಲಗಾಮು ಹಿಡಿದು ನಡೆಸಿಕೊಂಡು. ಹಿಂದಿನ ದಿನದ ನಸುಕಿನಲ್ಲಿ ಅಷ್ಟು ಜನ ಸತ್ತರೂ ದಾಟಲಾಗದ ಅದೇ ನೂರು ಗಜ ಅವನಿಗೆ ಕೆಲವೇ ನಿಮಿಷದ ಕೆಲಸ.

ಕಾಯುವುದನ್ನು ಬರೆಯುವುದು ಕಷ್ಟ, ಒಪ್ಪುತ್ತೇನೆ. ಕತ್ತಿ ಬೀಸುವುದಕ್ಕೆ ಪದಗಳು ಸಿದ್ಧವಾಗಿ ಸಿಗುತ್ತವೆ, 'ರಕ್ತದ ಹೊಳೆ', 'ಸಿಡಿಲಿನಂತೆ ಎರಗಿದ', 'ಹುಲಿಯಂತೆ ಘರ್ಜಿಸಿದ', ಎಲ್ಲಾ ನಿಮ್ಮ ಪುಟಗಳಲ್ಲಿ ಸಾಲಾಗಿ ಇವೆ. ಅವನ್ನು ಬರೆಯುವಾಗ ನೀವು ಏನನ್ನೂ ನೋಡುತ್ತಿರಲಿಲ್ಲ. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಒಂಬತ್ತನೇ ಪುಟ.

ಒಂಬತ್ತನೇ ಪುಟದಲ್ಲಿ, ದಾಳಿಗೆ ಸಂಬಂಧವೇ ಇಲ್ಲದ ಹಾಗೆ, ನಿಮ್ಮ ನಾಯಕ ಮರಳಿನಲ್ಲಿ ಬಿದ್ದ ಒಂದು ಸೀಮೆಎಣ್ಣೆ ಡಬ್ಬವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾನೆ. ಊರಿನ ಶೆಟ್ಟರ ಅಂಗಡಿಯಲ್ಲಿ ಡಬ್ಬ ಖಾಲಿಯೋ ತುಂಬಿದೆಯೋ ಅಂತ ನೋಡಲು ಹಾಗೆ ತಟ್ಟುತ್ತಿದ್ದರು ಅಂತ ನೆನೆಯುತ್ತಾನೆ. ಮೂರು ಸಾಲು ಅಷ್ಟೇ, ಆಮೇಲೆ ಮತ್ತೆ ಘರ್ಜನೆ ಶುರು. ನಿಮಗೆ ಗೊತ್ತಿತ್ತೋ ಇಲ್ಲವೋ, ತುರ್ಕರು ತಗಡಿನ ದೋಣಿಗಳ ಜೊತೆಗೆ ಖಾಲಿ ಸೀಮೆಎಣ್ಣೆ ಡಬ್ಬಗಳನ್ನು ಮರದ ಚೌಕಟ್ಟಿಗೆ ಸೇರಿಸಿ ಮಾಡಿದ ತೆಪ್ಪಗಳನ್ನೂ ತಂದಿದ್ದರು. ಅಂದರೆ ಆ ಡಬ್ಬ ಸುಮ್ನೆ ಅಲ್ಲಿ ಬಿದ್ದಿರಲಿಲ್ಲ. ಯಾರೋ ಅದರ ಮೇಲೆ ಕೂತು ದಾಟಬೇಕಿತ್ತು. ನಿಮ್ಮ ಹುಡುಗ ಗೆಣ್ಣಿನಿಂದ ತಟ್ಟುತ್ತಾನೆ, ಖಾಲಿ ಸದ್ದು ಬರಬೇಕಾದ ಕಡೆ ಬರುವುದಿಲ್ಲ, ನೋಡಿದರೆ ಗುಂಡಿನ ತೂತು, ಒಳಗೆ ಅರ್ಧ ಮರಳು. ಇದನ್ನು ನಾನು ಸೇರಿಸಿದೆ, ತಪ್ಪು ತಿಳಿಯಬೇಡಿ, ಬೇಡ ಅನ್ನಿಸಿದರೆ ಬಿಡಿ. ಆದರೆ ಆ ಗೆಣ್ಣು ನಿಮ್ಮದು. ಅದನ್ನು ಯಾರೂ ನಿಮಗೆ ಹೇಳಿಕೊಟ್ಟಿದ್ದಲ್ಲ. ಅದು ಬಂದ ಕಡೆಯಿಂದಲೇ ಉಳಿದಿದ್ದೂ ಬರಬೇಕು.

ಆ ದಿನದ ಲೆಕ್ಕವನ್ನೂ ನೀವು ಕೊನೆಯಲ್ಲಿ ಕೊಟ್ಟಿದ್ದೀರಿ, 'ಸಾವಿರಾರು ವೈರಿಗಳ ಹೆಣ ಬಿತ್ತು' ಅಂತ. ಬೇಡ. ಸೆರೆ ಸಿಕ್ಕವರೇ 700ಕ್ಕೂ ಹೆಚ್ಚು, ಈ ಕಡೆ ಸತ್ತವರು 30ರ ಆಸುಪಾಸು. ಸಂಖ್ಯೆ ಉಬ್ಬಿಸಿದಷ್ಟೂ ಓದುವವನ ಕಣ್ಣಿಗೆ ಮನುಷ್ಯ ಸಣ್ಣದಾಗುತ್ತಾನೆ. ನಿಮ್ಮ ಕಥೆಗೆ ಬೇಕಿರುವುದು ಸೆರೆ ಸಿಕ್ಕವರ ಸಾಲಿನಲ್ಲಿ ನೀರು ಕೇಳುವ ಒಬ್ಬ.

ನೀರು ಅಂದೆ. ನಿಮ್ಮ ಜೊತೆಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತಿಗೇ ಈಗ ಬಂದೆ. ನಿಮ್ಮ ಅಜ್ಜಿ ಹೇಳಿದ್ದು ಅಂತ ನೀವು ಸುಮ್ಮನೆ ಒಂದು ಸಾಲು ಬರೆದಿದ್ದೀರಿ: 'ಅಲ್ಲಿ ನಾಲೆ ನೀರು ಉಪ್ಪು ಕಣವ್ವ ಅಂತಿದ್ರು ನಮ್ಮ ಮಾವ, ನಾವು ನಂಬ್ತಾನೇ ಇರ್ಲಿಲ್ಲ.'

ಇದನ್ನು ಕಥೆಯ ಹೊರಗೆ ಹೇಗೆ ಬಿಟ್ಟಿರಿ? ನಾಲೆ ಬದಿಯಲ್ಲಿ ಹುಟ್ಟಿದವನಿಗೆ ನಾಲೆ ಅಂದರೆ ಸಿಹಿನೀರು. ಎಮ್ಮೆ ಇಳಿಯುತ್ತದೆ, ಬಟ್ಟೆ ಒಗೆಯುತ್ತಾರೆ, ತೂಬು ಎತ್ತಿದರೆ ಗದ್ದೆಗೆ ಹೋಗುತ್ತದೆ. ಅವನು ಜೀವಮಾನದಲ್ಲಿ ನೋಡಿದ ಎಲ್ಲಕ್ಕಿಂತ ದೊಡ್ಡ ನಾಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸುತ್ತಾನೆ, ಕುದುರೆ ಮೂತಿ ಇಟ್ಟು ತಲೆ ಕೊಡವುತ್ತದೆ. ಬೊಗಸೆಯಲ್ಲಿ ಎತ್ತಿ ತಾನೇ ಬಾಯಿಗೆ ಹಾಕಿಕೊಂಡು ನೋಡುತ್ತಾನೆ. ಇಷ್ಟು ನೀರು, ಒಂದು ಗದ್ದೆಗೂ ಆಗುವುದಿಲ್ಲ. ಇದಕ್ಕೋಸ್ಕರ ಆ ಕಡೆಯಿಂದ ಅವರು ಬಂದಿದ್ದಾರೆ, ಈ ಕಡೆಯಿಂದ ತನ್ನನ್ನು ಹಡಗಿನಲ್ಲಿ ತಂದಿದ್ದಾರೆ. ಹಡಗುಗಳು ಓಡಾಡುವ ದಾರಿ ಅದು ಅಂತ ಅವನಿಗೆ ದಫೇದಾರ ಹೇಳಿರಬಹುದು, ಆದರೆ ನಾಲಿಗೆ ಒಪ್ಪಬೇಕಲ್ಲ. ಇಸ್ಮಾಯಿಲಿಯಾದ ಪಕ್ಕದಲ್ಲೇ ಇನ್ನೊಂದು ಕಾಲುವೆ ಇದೆ, ನೈಲ್ ನದಿಯ ಸಿಹಿನೀರು ತರುವುದು. ಸೂಯೆಜ್ ಮುಂದೆ ಅದು ತೀರಾ ಕಿರಿದು, ನಿಮ್ಮ ಊರಿನ ನಾಲೆಯ ಹಾಗೆ. ಕುದುರೆಗಳು ಬದುಕಿದ್ದು ಅದರಿಂದ. ಒಂದು ಊರು, ಎರಡು ನಾಲೆ, ಒಂದು ಉಪ್ಪು ಒಂದು ಸಿಹಿ, ಆಚೆಗೆ ಬಾಯಾರಿ ಬಂದವರು.

ಅಲ್ಲಿಂದ ಶುರು ಮಾಡಿ. ಇಪ್ಪತ್ತೆರಡು ಪುಟ ಹತ್ತಕ್ಕೆ ಇಳಿಯಲಿ. ಯುದ್ಧದ ಕಾರಣ, ಜರ್ಮನಿ, ಬ್ರಿಟನ್ ಅಂತ ಮೊದಲ ಮೂರು ಪುಟ ಬರೆದಿದ್ದೀರಲ್ಲ, ಅದನ್ನು ಪೂರ್ತಿ ತೆಗೆದುಬಿಡಿ, ಸವಾರನಿಗೆ ಗೊತ್ತಿದ್ದಷ್ಟೇ ನಮಗೂ ಗೊತ್ತಿರಲಿ. ಅವನಿಗೆ 'ವೀರ' ಅನ್ನುವ ಬದಲು ಒಂದು ಹೆಸರು ಕೊಡಿ, ಕುದುರೆಗೂ ಕೊಡಿ. ಅವನು ಬದುಕಲಿ, ಮುದುಕನಾಗಲಿ, ಸೊಸೆಗೆ ಆ ಉಪ್ಪುನೀರಿನ ಮಾತು ಹೇಳಲಿ, ಅವಳು ನಂಬದೆ ಇರಲಿ.

ಬರೆಯಲು ಕೂರುವ ಮುಂಚೆ ಒಂದು ಭಾನುವಾರ ಊರಿಗೆ ಹೋಗಿ ಬನ್ನಿ. ನಿಮ್ಮ ಅಜ್ಜಿಗೆ ಎಂಬತ್ತನಾಲ್ಕು ಅಂದಿರಿ, ನೆನಪು ಚೆನ್ನಾಗಿದೆ ಅಂದಿರಿ. ಯುದ್ಧದ ಬಗ್ಗೆ ಕೇಳಬೇಡಿ, ಕೇಳಿದರೆ ಅವರೂ ಎಲ್ಲರಿಗೂ ಹೇಳುವ ಕಥೆಯನ್ನೇ ಹೇಳುತ್ತಾರೆ. ಮಾವನವರು ಊಟಕ್ಕೆ ಕೂತಾಗ ನೀರು ಮೊದಲು ಕುಡಿಯುತ್ತಿದ್ದರೋ ಆಮೇಲೆ ಕುಡಿಯುತ್ತಿದ್ದರೋ, ರಾತ್ರಿ ಹೊತ್ತು ಎದ್ದು ಕೂರುತ್ತಿದ್ದರೋ, ಮನೆಯಲ್ಲಿ ಯಾವುದಾದರೂ ದನಕ್ಕೆ ಬೇರೆ ಯಾರೂ ಇಡದ ಹೆಸರು ಇಟ್ಟಿದ್ದರೋ, ಅದನ್ನು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಎರಡನೇ ಪ್ರತಿ ನನ್ನ ಹೆಸರಿಗೇ ಕಳಿಸಿ, ಸರದಿಯಲ್ಲಿ ಹಾಕದೆ ಬಂದ ದಿನವೇ ಓದುತ್ತೇನೆ.

ನಿಮ್ಮ,
ಸಂಪಾದಕ